ಮೊದಲ ದಿನವೇ ಮ್ಯಾನ್ಯುಯಲ್ ಮೋಡ್ ಬೇಕೇ?

ಛಾಯಾಗ್ರಹಣ ಕಲಿಯುವವರೆಲ್ಲರೂ ಮೊದಲ ದಿನದಿಂದಲೇ, ಎಲ್ಲ ಹೊಂದಾಣಿಕೆಯನ್ನೂ ಕೈಯಾರೆ ಮಾಡುವ ಮ್ಯಾನ್ಯುಯಲ್ ಮೋಡ್‌ನಲ್ಲಿ ಅಭ್ಯಾಸ ಮಾಡಬೇಕೆಂದು ಲೇಖನವೊಂದರಲ್ಲಿ ಓದಿದ ಸಲಹೆಯನ್ನು ಪೂರ್ತಿಯಾಗಿ ಒಪ್ಪಲಾರೆ. ಹಲವು ವರ್ಷಗಳಿಂದ ಆಸಕ್ತರನ್ನು ರಂಗನತಿಟ್ಟಿಗೆ ಕರೆದೊಯ್ಯುತ್ತಿರುವ ನನಗೆ ಮೊಬೈಲ್ ಹಿಡಿದ ವಿದ್ಯಾರ್ಥಿನಿ, ದೂರದ ಹಕ್ಕಿಯನ್ನು ಹತ್ತಿರ ತರುವ 600 ಮಿ.ಮೀ. ಲೆನ್ಸ್ ಹೊತ್ತ ನಿವೃತ್ತ ಎಂಜಿನಿಯರ್ ಇಬ್ಬರೂ ಒಂದೇ ದೋಣಿಯಲ್ಲಿ ಸಿಗುತ್ತಾರೆ. ಅಲುಗಾಡುವ ದೋಣಿಯಲ್ಲಿ ಹೊಸಬರು ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒ, ಲೆನ್ಸಿನ ಕಿಂಡಿಯ ಅಗಲವಾದ ಅಪರ್ಚರ್, ಬೆಳಕು ಒಳಬರುವ ಅವಧಿಯಾದ ಶಟರ್ ವೇಗ ಮೂರನ್ನೂ ಹೊಂದಿಸುವಷ್ಟರಲ್ಲಿ ಬೆಳ್ಳಕ್ಕಿ ಮರದಾಚೆ ಹಾರಿರುತ್ತದೆ. ಆದ್ದರಿಂದ ಅವರಿಗೆ ಶಟರ್ ವೇಗವನ್ನು ಸೆಕೆಂಡಿನ 1/1600ಕ್ಕೆ ನಿಲ್ಲಿಸಿ, ಉಳಿದದ್ದನ್ನು ಕ್ಯಾಮೆರಾಕ್ಕೇ ಬಿಡಲು ಹೇಳುತ್ತೇನೆ. ಕಡುಹಸಿರು ಹಿನ್ನೆಲೆಯೆದುರು ಬಿಳಿ ಗರಿಗಳ ವಿವರವೆಲ್ಲ ಅಳಿಸಿಹೋದ ಚಿತ್ರ ಪರದೆಯಲ್ಲಿ ಕಂಡಾಗ, ಕ್ಯಾಮೆರಾದೊಳಗಿನ ಬೆಳಕಿನ ಮೀಟರ್ ಇಡೀ ದೃಶ್ಯವನ್ನು ನಡುಬೂದು ಬಣ್ಣಕ್ಕೆ ತರಲು ಹೋಗಿ ಹಕ್ಕಿಯನ್ನು ಅತಿಯಾಗಿ ಬೆಳಗಿಸಿತೆಂದು ವಿವರಿಸಿ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಹೊಂದಿಕೆ) ಅನ್ನು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಿ ನೋಡಿ ಎಂದರೆ ಸಾಕು, ಪಾಠ ಅಲ್ಲಿಯೇ ಮನಸ್ಸಿಗೆ ಇಳಿಯುತ್ತದೆ. ಮೊಬೈಲಿನವರಿಗೆ ದೂರದ ಹಕ್ಕಿಯ ಆಸೆ ಬಿಡಿಸಿ, ಬಿದಿರುಮೆಳೆಯ ನೆರಳು, ನೀರಿನ ಪ್ರತಿಬಿಂಬಗಳತ್ತ ಕಣ್ಣು ಹೊರಳಿಸುವುದೇ ಲೇಸು. ಎಂಜಿನಿಯರ್ ಮಹಾಶಯರಿಗೆ ಅಂಕಿಗಳೆಲ್ಲ ಕಂಠಪಾಠ (ನನಗಿಂತಲೂ ಚೆನ್ನಾಗಿ!), ಆದರೆ ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ತಗ್ಗಿಸಿದರೆ ಮೊಸಳೆಯ ಚಿತ್ರ ಎಷ್ಟು ಬದಲಾಗುತ್ತದೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮ್ಯಾನ್ಯುಯಲ್ ಮೋಡನ್ನು ನಾನೂ ಕಲಿಸುತ್ತೇನೆ, ಆದರೆ ಮೂರನೆಯ ಭೇಟಿಯಲ್ಲಿ.