ಹದಿನಾರೇ ಜನ ಸ್ವಾಮಿ, ಹದಿನಾರೇ!

ಬೆಳಗ್ಗೆ ಆರೂಮುಕ್ಕಾಲು. ಹಡಗಿನ ಥಿಯೇಟರಿನಲ್ಲಿ ಕೂತಿದ್ದೇನೆ. ನಿನ್ನೆ ರಾತ್ರಿ ಇದೇ ವೇದಿಕೆಯಲ್ಲಿ ಮಿಣಮಿಣ ಬಟ್ಟೆಯ ಹುಡುಗಿಯರು ಕುಣಿದಿದ್ದರು. ಈಗ ಅಲ್ಲಿ ಒಬ್ಬಾಕೆ ಮೈಕ್ ಹಿಡಿದು ನಂಬರ್ ಕೂಗುತ್ತಿದ್ದಾರೆ. ನನ್ನ ಎದೆಯ ಮೇಲೆ ಹಸಿರು ಸ್ಟಿಕರ್, ಅದರಲ್ಲಿ 17. ಹೆಂಡತಿಗೂ 17. ಆಸ್ಪತ್ರೆಯ ಟೋಕನ್ನಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಇದಕ್ಕೆ ಯೂರೋ ಕೊಟ್ಟಿದ್ದೇವೆ.

ಇಟಲಿಯ ಬಂದರುಗಳಲ್ಲಿ ಇಳಿದು, ಊರು ನೋಡಿ, ಸಂಜೆಗೆ ಹಡಗಿಗೆ ವಾಪಸಾಗಲು ನಾವು ಕೊಂಡಿದ್ದು ‘ಸಣ್ಣ ಗುಂಪಿನ ಪ್ರವಾಸ’. ಬರೀ 16 ಜನ. ಐವತ್ತು ಜನರ ಬಸ್ಸಿನಲ್ಲಿ ಕುರಿಗಳ ಹಾಗೆ ಹೋಗುವುದು ನಮ್ಮಂಥ ರಸಿಕರಿಗಲ್ಲ ಎಂದು ಬ್ರೋಶರ್ ಹೇಳಿತ್ತು. ನಾವು ರಸಿಕರು ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಆ ಖುಷಿಗೇ ಜಾಸ್ತಿ ದುಡ್ಡು ಕೊಟ್ಟೆವು. ಈಗ ಥಿಯೇಟರಿನ ಸುತ್ತ ಕಣ್ಣಾಡಿಸಿದರೆ ಸೀಟೆಲ್ಲ ಭರ್ತಿ, ಮೆಟ್ಟಿಲ ಮೇಲೂ ಜನ. ಎಲ್ಲರ ಎದೆಯ ಮೇಲೂ ಸ್ಟಿಕರ್. ಎಲ್ಲರೂ ಸಣ್ಣ ಗುಂಪಿನವರೇ.

ಸುಮ್ನೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಮ್ಮ ಹಡಗಿನಲ್ಲಿ ಸುಮಾರು ನಾಲ್ಕು ಸಾವಿರ ಜನ. ಹದಿನಾರರಿಂದ ಭಾಗಿಸಿದರೆ 250 ಸಣ್ಣ ಗುಂಪು. ಇದಕ್ಕಿಂತ ದೊಡ್ಡ ಹಡಗುಗಳೂ ಈ ಸಮುದ್ರದಲ್ಲಿ ಓಡಾಡುತ್ತವೆ, ಅವುಗಳಲ್ಲಿ ಆರು ಸಾವಿರಕ್ಕೂ ಮೀರಿ ಜನ ಹಿಡಿಯುತ್ತಾರೆ. ಅಲ್ಲಿಗೆ 375 ಸಣ್ಣ ಗುಂಪು. ಪಕ್ಕದಲ್ಲಿ ಇನ್ನೂ ಎರಡು ಹಡಗು ನಿಂತಿದ್ದರೆ ಲೆಕ್ಕ ನೀವೇ ಮಾಡಿಕೊಳ್ಳಿ. ತೇರಿಗೆ ಬಂದವರೆಲ್ಲ ‘ನಾನು ಒಬ್ಬನೇ ಬಂದಿದ್ದೀನಿ, ಗಲಾಟೆ ಮಾಡಿದ್ದು ಬೇರೆಯವರು’ ಅಂದ ಹಾಗಾಯಿತು, ಅಲ್ವಾ?

ಹಡಗಿನ ಕಾರ್ಡಿನಲ್ಲಿ ಇವತ್ತಿನ ಊರು ರೋಮ್. ದಪ್ಪ ಅಕ್ಷರದಲ್ಲಿ ‘ರೋಮ್’, ಅದರ ಪಕ್ಕ ಬ್ರಾಕೆಟ್ಟಿನೊಳಗೆ ಸಣ್ಣದಾಗಿ ‘ಚಿವಿತಾವೆಕ್ಕಿಯಾ’. ಹಡಗು ನಿಂತಿರುವುದು ಬ್ರಾಕೆಟ್ಟಿನೊಳಗೆ. ರೋಮ್ ಇರುವುದು ಅಲ್ಲಿಂದ ಸುಮಾರು 80 ಕಿಲೋಮೀಟರ್ ಆಚೆ. ದೇವನಹಳ್ಳಿಯಲ್ಲಿ ಇಳಿದು ‘ಬೆಂಗಳೂರಿಗೆ ಬಂದೆ’ ಎಂದು ಫೋನ್ ಮಾಡುವ ನಮಗೆ ಇದು ಹೊಸದಲ್ಲ. ಆದರೂ 80 ಸ್ವಲ್ಪ ಜಾಸ್ತಿ ಆಯಿತು. ಪಾಪ ಚಿವಿತಾವೆಕ್ಕಿಯಾ. ಅದರ ಬಂದರನ್ನು ಎರಡನೇ ಶತಮಾನದ ಶುರುವಿನಲ್ಲಿ ಕಟ್ಟಿಸಿದ್ದು ಸಾಕ್ಷಾತ್ ಟ್ರಾಜನ್ ಚಕ್ರವರ್ತಿ. ದಡದಲ್ಲೇ ಮೈಕೆಲ್‌ಏಂಜಲೊ ಹೆಸರಿನ ಕೋಟೆ ಇದೆ. ರೋಮನ್ ಇತಿಹಾಸ ನೋಡಲು ಹೊರಟ ನಾವು ರೋಮನ್ ಚಕ್ರವರ್ತಿಯ ಬಂದರಿನಲ್ಲೇ ನಿಂತು ‘ಬಸ್ಸು ಎಷ್ಟೊತ್ತಿಗೆ?’ ಎಂದು ಕೇಳುತ್ತಿದ್ದೆವು. ಕೋಟೆಯನ್ನು ಒಬ್ಬರು ನೋಡಿದರು. ಅವರಿಗೆ ಟಾಯ್ಲೆಟ್ ಬೇಕಿತ್ತು.

ಹಿಂದಿನ ದಿನದ ಕತೆಯೂ ಇದೇ. ಕಾರ್ಡಿನಲ್ಲಿ ‘ಫ್ಲಾರೆನ್ಸ್ ಮತ್ತು ಪೀಸಾ’, ಹಡಗು ನಿಂತಿದ್ದು ಲಿವೊರ್ನೊದಲ್ಲಿ. ಈ ಲಿವೊರ್ನೊಗೆ ಇಂಗ್ಲಿಷರು ಇಟ್ಟ ಹೆಸರು ಲೆಗ್‌ಹಾರ್ನ್. ಹೌದು, ನಮ್ಮ ಕೋಳಿ ಫಾರಂನ ವೈಟ್ ಲೆಗ್‌ಹಾರ್ನಿಗೆ ಹೆಸರು ಬಂದಿದ್ದು ಈ ಊರಿನಿಂದಲೇ. ಆ ಕೋಳಿಗಳು ಬುಟ್ಟಿಯಲ್ಲಿ ಕೂತು ಹಡಗು ಹತ್ತುವ ಮೊದಲು ಲಿವೊರ್ನೊದ ಒಂದೆರಡು ಬೀದಿಯನ್ನಾದರೂ ಕೆದಕಿರಬೇಕು. ನಾವು ಅಷ್ಟೂ ಮಾಡಲಿಲ್ಲ. ಸೀದಾ ಮಿನಿ ಬಸ್ಸು, ಸೀದಾ ಹೈವೇ, ಸುಮಾರು 90 ಕಿಲೋಮೀಟರ್ ಆಚೆಯ ಫ್ಲಾರೆನ್ಸ್.

ಫ್ಲಾರೆನ್ಸಿನಲ್ಲಿ ಮೊದಲು ಗುಡ್ಡದ ಮೇಲಿನ ಚೌಕ. ಅಲ್ಲಿ ಕಂಚಿನ ಡೇವಿಡ್, ಮೈಕೆಲ್‌ಏಂಜಲೊನ ಹೆಸರಾಂತ ವಿಗ್ರಹ. ಎಲ್ಲರೂ ಫೋಟೋ ತೆಗೆದರು. ‘ಇದು ಪ್ರತಿ’ ಎಂದಳು ಗೈಡ್. ಕೆಳಗೆ ಬಂದೆವು. ಅರಮನೆಯ ಮುಂದೆ ಬಿಳಿ ಡೇವಿಡ್. ಮತ್ತೆ ಫೋಟೋ. ‘ಇದೂ ಪ್ರತಿ, 1910ರಲ್ಲಿ ನಿಲ್ಲಿಸಿದ್ದು’ ಎಂದಳು. ಹಾಗಾದರೆ ಅಸಲಿ? ಅದನ್ನು ಮಳೆ ಬಿಸಿಲು ಬೇಡವೆಂದು 1873ರಲ್ಲೇ ಅಕಾಡೆಮಿಯಾ ಗ್ಯಾಲರಿಯ ಒಳಗೆ ಸಾಗಿಸಿದ್ದಾರೆ. ನಡೆದರೆ ಹತ್ತು ಹದಿನೈದು ನಿಮಿಷ. ಆದರೆ ಅದು ನಮ್ಮ ಪ್ಯಾಕೇಜಿನಲ್ಲಿಲ್ಲ. ನನಗೇನೂ ಬೇಜಾರಾಗಲಿಲ್ಲ. ಮೂಲ ವಿಗ್ರಹ ಗರ್ಭಗುಡಿಯಲ್ಲಿ, ಉತ್ಸವ ಮೂರ್ತಿ ಬೀದಿಯಲ್ಲಿ ಎಂಬುದು ನಮಗೆ ಗೊತ್ತಿರುವ ಪದ್ಧತಿಯೇ. ಆದರೆ ನಮ್ಮೂರಲ್ಲಿ ಎರಡು ಉತ್ಸವ ಮೂರ್ತಿ ತೋರಿಸಿ, ಗುಡಿಯ ಬಾಗಿಲಿಗೂ ಕರೆದುಕೊಂಡು ಹೋಗದೆ ‘ದರ್ಶನ ಆಯ್ತು, ಬಸ್ ಹತ್ತಿ’ ಅನ್ನುವುದಿಲ್ಲ.

ಸಾಂತಾ ಕ್ರೋಚೆ ಚರ್ಚಿಗೆ ಮಾತ್ರ ಒಳಗೆ ಬಿಟ್ಟರು. ಅಲ್ಲಿ ಮೈಕೆಲ್‌ಏಂಜಲೊ ಇದ್ದಾನೆ, ಗೆಲಿಲಿಯೊ ಇದ್ದಾನೆ, ಇಬ್ಬರೂ ನಿಜವಾಗಿ ಅಲ್ಲೇ ಮಲಗಿದ್ದಾರೆ. ಕವಿ ದಾಂತೆಗೂ ದೊಡ್ಡ ಸಮಾಧಿ ಇದೆ. ನಮ್ಮ ಗುಂಪಿನವರು ಜಾಸ್ತಿ ಹೊತ್ತು ನಿಂತಿದ್ದು, ಕೈಮುಗಿದಿದ್ದು, ಸೆಲ್ಫಿ ತೆಗೆದಿದ್ದು ಅದರ ಮುಂದೆ. ಅದು ಖಾಲಿ. ದಾಂತೆಯನ್ನು ಇದೇ ಫ್ಲಾರೆನ್ಸ್ ಊರು ಬಿಟ್ಟು ಓಡಿಸಿತ್ತು. ಅವನು 1321ರಲ್ಲಿ ರವೆನ್ನಾದಲ್ಲಿ ಸತ್ತ. ಆಮೇಲೆ ಎಷ್ಟು ಕೇಳಿದರೂ ರವೆನ್ನಾದವರು ಅವನ ಮೂಳೆ ಕೊಡಲಿಲ್ಲ. ಕೊನೆಗೆ 1829ರಲ್ಲಿ ಫ್ಲಾರೆನ್ಸಿನವರು ಖಾಲಿ ಸಮಾಧಿಯನ್ನೇ ಕಟ್ಟಿಕೊಂಡರು. ಈ ರವೆನ್ನಾ ಎಂಬ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಉಫೀಜಿ ಗ್ಯಾಲರಿಯ ಅಂಗಳದಲ್ಲಿ ನಿಂತು ಗೈಡ್ ತನ್ನ ಫೋನಿನಲ್ಲೇ ಬೊಟ್ಟಿಚೆಲ್ಲಿಯ ಚಿತ್ರ ತೋರಿಸಿದಳು. ವೀನಸ್ ದೇವಿ ಚಿಪ್ಪಿನ ಮೇಲೆ ನಿಂತು ಸಮುದ್ರದಿಂದ ದಡಕ್ಕೆ ಬರುವ ಚಿತ್ರ. ಒಳಗೆ ಹೋಗಲು ಸಮಯವಿಲ್ಲ. ನಾನು ಫೋನಿನಲ್ಲೇ ಎಣಿಸಿದೆ. ಬಾಯಲ್ಲಿ ಗಾಳಿ ಊದುತ್ತ ತಬ್ಬಿಕೊಂಡು ಬರುವ ಇಬ್ಬರು, ದಡದಲ್ಲಿ ಶಾಲು ಹಿಡಿದು ಕಾಯುವವಳು ಒಬ್ಬಳು, ಮತ್ತೆ ವೀನಸ್. ಒಟ್ಟು ನಾಲ್ಕು. ಇಟಲಿಯಲ್ಲಿ ಸಮುದ್ರದಿಂದ ದಡಕ್ಕೆ ಇಳಿದ ನಿಜವಾದ ಸಣ್ಣ ಗುಂಪು ನಾನು ನೋಡಿದ್ದು ಅದೊಂದೇ. ಅವಳಿಗೆ ಸ್ಟಿಕರ್ ಅಂಟಿಸಲು ಬಟ್ಟೆಯೂ ಇರಲಿಲ್ಲ.

ಪೀಸಾದಲ್ಲಿ ಮೂವತ್ತೈದು ನಿಮಿಷ. 1173ರಲ್ಲಿ ಶುರುವಾಗಿ ಕಟ್ಟಿ ಮುಗಿಸಲು ಸುಮಾರು ಇನ್ನೂರು ವರ್ಷ ಹಿಡಿದ, ವಾಲಿ ನಿಂತ ಗೋಪುರ. ನೂರಾರು ಜನ ಸಾಲಾಗಿ ನಿಂತು ಖಾಲಿ ಗಾಳಿಯನ್ನು ಎರಡೂ ಕೈಯಿಂದ ತಳ್ಳುತ್ತಿದ್ದರು. ನಾನೂ ತಳ್ಳಿದೆ.

ಹೋಗಲಿ, ರೋಮಿಗೆ ಬರೋಣ. ನಂಬಿಕೆಯ ಪ್ರಕಾರ ರೋಮ್ ಹುಟ್ಟಿದ್ದು ಕ್ರಿಸ್ತಪೂರ್ವ 753ರಲ್ಲಿ. ಅಂದರೆ ಹತ್ತಿರ ಹತ್ತಿರ 2780 ವರ್ಷ. ನಮಗೆ ಸಿಕ್ಕಿದ್ದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರು. ಗಂಟೆಗೆ ಸುಮಾರು 550 ವರ್ಷದ ಸ್ಪೀಡು. ಈ ಲೆಕ್ಕದಲ್ಲಿ ಹನ್ನೆರಡೂಕಾಲಿಗೆ ಪಶ್ಚಿಮ ರೋಮನ್ ಸಾಮ್ರಾಜ್ಯ ಬಿದ್ದುಹೋಗುತ್ತದೆ. ಊಟಕ್ಕೆ ಸರಿಯಾದ ಹೊತ್ತು. ನಾವೂ ಆಗಲೇ ಊಟಕ್ಕೆ ಕೂತೆವು.

ನಮ್ಮ ಗೈಡ್ ಕಲೆಯ ಇತಿಹಾಸ ಓದಿದವಳು. ಇಟಲಿಯಲ್ಲಿ ಗೈಡ್ ಆಗಲು ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. ಅಷ್ಟೆಲ್ಲ ಓದಿದವಳು ಇಡೀ ದಿನ ಮಾಡಿದ ಕೆಲಸ ಒಂದೇ, ಎಣಿಕೆ. ‘ಹದಿಮೂರು, ಹದಿನಾಲ್ಕು, ಹದಿನೈದು... ಹದಿನಾರು ಎಲ್ಲಿ?’ ಹದಿನಾರನೆಯವರು ಪ್ರತಿ ಸಲವೂ ಜೆಲಾಟೊ ಐಸ್‌ಕ್ರೀಂ ಅಂಗಡಿಯಲ್ಲಿ ಇರುತ್ತಿದ್ದರು. ಉಳಿದಂತೆ ಆಕೆ ನಮ್ಮ ಕಿವಿಯೊಳಗಿನ ಯಂತ್ರದಲ್ಲಿ ಪಿಸುಗುಟ್ಟುತ್ತಿದ್ದಳು. ತೊಂದರೆ ಏನೆಂದರೆ ಅಕ್ಕಪಕ್ಕದ ಗುಂಪುಗಳ ಗೈಡುಗಳೂ ಅದೇ ಥರದ ಯಂತ್ರದಲ್ಲಿ ಪಿಸುಗುಟ್ಟುತ್ತಿದ್ದರು. ಕೊಲೊಸಿಯಮ್ ಹತ್ತಿರ ಸ್ವಲ್ಪ ಹೊತ್ತು ನಾನು ಜರ್ಮನ್ ಭಾಷೆಯಲ್ಲಿ ಇತಿಹಾಸ ಕೇಳಿದೆ. ಚೆನ್ನಾಗಿತ್ತು.

‘ಕ್ಯೂ ಇಲ್ಲದ ಪ್ರವೇಶ’ ಎಂದು ವ್ಯಾಟಿಕನ್ ಮ್ಯೂಸಿಯಮ್ಮಿಗೆ ಜಾಸ್ತಿ ದುಡ್ಡು ಕೊಟ್ಟಿದ್ದೆವು. ಕ್ಯೂ ಬೇಡ ಎಂದು ದುಡ್ಡು ಕೊಟ್ಟವರಿಗೆಲ್ಲ ಅಲ್ಲಿ ಒಂದು ಬೇರೆ ಕ್ಯೂ ಇದೆ. ಅದೂ ಸಣ್ಣ ಗುಂಪುಗಳದ್ದೇ. ಒಳಗೆ ಸಿಸ್ಟೀನ್ ಚಾಪೆಲ್‌ನಲ್ಲಿ ಮಾತಾಡುವ ಹಾಗಿಲ್ಲ, ಗೈಡೂ ವಿವರಿಸುವ ಹಾಗಿಲ್ಲ. ಅದಕ್ಕೇ ಹೊರಗಿನ ಅಂಗಳದಲ್ಲಿ, ಮೈಕೆಲ್‌ಏಂಜಲೊ ಬಿಡಿಸಿದ ಚಾವಣಿಯ ಚಿತ್ರವನ್ನು ದೊಡ್ಡ ಬೋರ್ಡಿನ ಮೇಲೆ ಹಾಕಿಟ್ಟಿದ್ದಾರೆ. ಬಿಸಿಲಲ್ಲಿ ನಿಂತು ಆ ಬೋರ್ಡನ್ನು ನಲವತ್ತು ನಿಮಿಷ ನೋಡಿದೆವು. ಅಸಲಿ ಚಾವಣಿಯನ್ನು ಹತ್ತು ನಿಮಿಷ. ಕತ್ತು ಎತ್ತಿದ್ದೇ ತಡ, ಕಾವಲಿನವರು ‘ಸಿಲೆನ್ಸಿಯೊ! ನೋ ಫೋಟೊ!’ ಎಂದು ಕೂಗುತ್ತ ಮುಂದೆ ಮುಂದೆ ತಳ್ಳಿದರು. ಆ ದನಿ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಹೆಂಡತಿ ಕಿವಿಯಲ್ಲಿ ಹೇಳಿದಳು, ‘ಜರಗಂಡಿ, ಜರಗಂಡಿ.’ ಒಂದು ವ್ಯತ್ಯಾಸ, ತಿರುಪತಿಯಲ್ಲಿ ಕೊನೆಗೆ ಲಡ್ಡು ಕೊಡುತ್ತಾರೆ.

ಸತ್ಯ ಹೇಳಬೇಕು. ಮಿನಿ ಬಸ್ಸಿನಿಂದ ಲಾಭವೇ ಇಲ್ಲ ಅಂತಲ್ಲ. ದೊಡ್ಡ ಬಸ್ಸುಗಳನ್ನು ಬಿಡದ ಕಡೆಗಳಲ್ಲೂ ನಮ್ಮ ಡ್ರೈವರ್ ನುಗ್ಗಿಸಿದ. ದೊಡ್ಡ ಬಸ್ಸಿನವರು ನಡೆದು ಬರುವ ಮೊದಲೇ ನಾವು ಟ್ರೆವಿ ಕಾರಂಜಿಯ ಹತ್ತಿರ ಇಳಿದೆವು. ಇಳಿದು ನೋಡಿದರೆ 3, 8, 11, 22, 40 ನಂಬರಿನ ಸಣ್ಣ ಗುಂಪುಗಳು ನಮಗಿಂತ ಮೊದಲೇ ಬಂದಿದ್ದವು. ಕಾರಂಜಿಗೆ ಬೆನ್ನು ಮಾಡಿ ನಾಣ್ಯ ಎಸೆದರೆ ಮತ್ತೆ ರೋಮಿಗೆ ಬರುತ್ತೀರಿ ಎಂಬ ನಂಬಿಕೆ. ನಾನು ಎಸೆದ ನಾಣ್ಯ ಮುಂದಿದ್ದವರ ಟೋಪಿಗೆ ಬಿತ್ತು. ಅವರು ಮತ್ತೆ ಬರಬಹುದು.

ಎರಡೂವರೆ ಆಗುತ್ತಿದ್ದ ಹಾಗೆ ಎಲ್ಲರ ಮುಖದಲ್ಲೂ ಬೇರೆ ಕಳೆ. ಇತಿಹಾಸ ಮುಗಿಯಿತು, ಹೆದರಿಕೆ ಶುರುವಾಯಿತು. ಈ ಇಡೀ ವ್ಯಾಪಾರ ನಿಂತಿರುವುದೇ ಆ ಹೆದರಿಕೆಯ ಮೇಲೆ. ಹಡಗಿನವರೇ ಮಾರಿದ ಪ್ರವಾಸದಲ್ಲಿ ತಡವಾದರೆ ಹಡಗು ಕಾಯುತ್ತದೆ. ನೀವಾಗಿ ಹೋಗಿ ತಡವಾದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಬನ್ನಿ. ಅದಕ್ಕೇ ಹೊರಗಿನ ಕಂಪನಿಗಳೂ ಕೊಲೊಸಿಯಮ್ಮಿಗಿಂತ ದೊಡ್ಡ ಅಕ್ಷರದಲ್ಲಿ ‘ಹಡಗಿಗೆ ಸಮಯಕ್ಕೆ ವಾಪಸ್, ಗ್ಯಾರಂಟಿ’ ಎಂದು ಬರೆಯುತ್ತವೆ. ನೀವು ರೋಮಿಗೆ ಹೋಗಲು ದುಡ್ಡು ಕೊಡುತ್ತಿಲ್ಲ, ರೋಮಿನಿಂದ ತಪ್ಪಿಸಿಕೊಂಡು ಬರಲು ಕೊಡುತ್ತಿದ್ದೀರಿ. ಇದರ ಪರಾಕಾಷ್ಠೆ ‘ನೀವೇ ನೋಡಿ ರೋಮ್’ ಎಂಬ ಪ್ರವಾಸ. ಅದರಲ್ಲಿ ಗೈಡ್ ಇಲ್ಲ, ಟಿಕೆಟ್ ಇಲ್ಲ, ಊಟ ಇಲ್ಲ. ಬಸ್ಸು ರೋಮಿನಲ್ಲಿ ಇಳಿಸುತ್ತದೆ, ಸಂಜೆ ಹತ್ತಿಸಿಕೊಳ್ಳುತ್ತದೆ, ಅಷ್ಟೇ. ನಮ್ಮಲ್ಲಿ ಇದನ್ನು ಬಸ್ ಸರ್ವಿಸ್ ಅನ್ನುತ್ತಾರೆ. ಚಿವಿತಾವೆಕ್ಕಿಯಾದಿಂದ ರೋಮಿಗೆ ರೈಲೂ ಇದೆ, ಒಂದು ಪಿಜ್ಜಾಕ್ಕಿಂತ ಕಡಿಮೆ ದುಡ್ಡು. ಆದರೆ ಅದಕ್ಕೆ ಸ್ಟಿಕರ್ ಕೊಡುವುದಿಲ್ಲ.

ಈಗ ರವೆನ್ನಾ. ವೆನಿಸಿನ ಒಳಗೆ ಹಡಗುಗಳು ಮನೆ ಮಾಡಿನ ಮೇಲೆ ಎಮ್ಮೆ ಬಂದ ಹಾಗೆ ಬರುತ್ತಿದ್ದ ಕಾಲ ಒಂದಿತ್ತು. 2019ರ ಜೂನಿನಲ್ಲಿ ಒಂದು ಹಡಗು ನೇರ ಕಟ್ಟೆಗೇ ಗುದ್ದಿತು. 2021ರ ಆಗಸ್ಟ್ 1ರಿಂದ 25 ಸಾವಿರ ಟನ್ನಿಗಿಂತ ದೊಡ್ಡ ಹಡಗುಗಳು ಜುದೆಕ್ಕಾ ಕಾಲುವೆಗೆ ಬರುವ ಹಾಗಿಲ್ಲ ಎಂದು ಸರ್ಕಾರ ತಡೆಯಿತು. ಹಡಗುಗಳು ಆಚೆ ಈಚೆ ಹೋದವು. ‘ವೆನಿಸ್’ ಎಂಬ ಹೆಸರು ಮಾತ್ರ ಎಲ್ಲಿಗೂ ಹೋಗಲಿಲ್ಲ, ಬ್ರಾಕೆಟ್ ಬದಲಾಯಿತು. ನಮ್ಮ ಕಾರ್ಡಿನಲ್ಲಿ ಆ ಬ್ರಾಕೆಟ್ಟಿನೊಳಗೆ ಇದ್ದ ಊರು ರವೆನ್ನಾ.

ಒಂದು ಕಾಲಕ್ಕೆ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿ. ಒಂದೂವರೆ ಸಾವಿರ ವರ್ಷ ಹಳೆಯ ಮೊಸಾಯಿಕ್ ಗೋಡೆಗಳು. ಯುನೆಸ್ಕೊ ಪಟ್ಟಿಯಲ್ಲಿ ಅಲ್ಲಿನ ಎಂಟು ಕಟ್ಟಡಗಳಿವೆ. ಮೇಲಾಗಿ ಅಸಲಿ ದಾಂತೆ, ಮೂಳೆ ಸಮೇತ. ಫ್ಲಾರೆನ್ಸಿನಲ್ಲಿ ಖಾಲಿ ಸಮಾಧಿಗೆ ಕೈಮುಗಿದ ಅದೇ ಹದಿನಾರು ಜನ ರವೆನ್ನಾದಲ್ಲಿ ಇಳಿದೆವು. ಇಳಿದು, ದಾಂತೆ ಇರುವ ಊರಿಗೆ ಬೆನ್ನು ಹಾಕಿ, ಸುಮಾರು 150 ಕಿಲೋಮೀಟರ್ ದೂರದ ವೆನಿಸಿಗೆ ಹೋದೆವು. ಯಾಕಂದರೆ ಕಾರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಅದು.

ವೆನಿಸ್ ನಗರಸಭೆಯೂ ಎಣಿಕೆಯಲ್ಲಿ ನಂಬಿಕೆ ಇಟ್ಟಿದೆ. 2024ರಿಂದ ಅಲ್ಲಿ ಪ್ರವಾಸಿ ಗುಂಪು 25 ಜನ ಮೀರುವ ಹಾಗಿಲ್ಲ, ಗೈಡುಗಳು ಲೌಡ್‌ಸ್ಪೀಕರ್ ಬಳಸುವ ಹಾಗಿಲ್ಲ. ಒಳ್ಳೆಯದೇ. ಐವತ್ತು ಜನರ ಒಂದು ಗುಂಪು ಇಪ್ಪತ್ತೈದರ ಎರಡಾಯಿತು. ಸೇತುವೆಗೆ ಮಾತ್ರ ಈ ವಿಷಯ ಗೊತ್ತಾಗಿಲ್ಲ, ಅದರ ಮೇಲೆ ಈಗಲೂ ಐವತ್ತೇ ಜನ. ಅದೇ ವರ್ಷದಿಂದ, ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ ಆಯ್ದ ದಿನಗಳಲ್ಲಿ ಪ್ರವೇಶ ಶುಲ್ಕವೂ ಇದೆ. ಮೊದಲ ವರ್ಷ 29 ದಿನ, 5 ಯೂರೋ. 2025ರಲ್ಲಿ 54 ದಿನ, ಕೊನೇ ಗಳಿಗೆಯಲ್ಲಿ ಬುಕ್ ಮಾಡಿದರೆ 10. ಊರಿಗೆ ಟಿಕೆಟ್ ಇಟ್ಟ ಮೇಲೆ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಜ್ಜಿಯೊಬ್ಬಳನ್ನು ನಮ್ಮ ಗುಂಪಿನವರು ಪ್ರದರ್ಶನದ ಭಾಗ ಎಂದೇ ತಿಳಿದರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಆವತ್ತು ಸಂಜೆ ಡೆಕ್ಕಿನ ಮೇಲೆ ಜನವೋ ಜನ. ಹಡಗು ಹೊರಡುವ ಹೊತ್ತಿಗೆ ಕಟ್ಟೆಯ ಮೇಲೆ ಚೀಲ ಹಿಡಿದು ಓಡಿ ಬರುವವರನ್ನು ನೋಡಲು ಎಲ್ಲರೂ ಮುಂಚೆಯೇ ಬಂದು ಜಾಗ ಹಿಡಿದಿದ್ದರು. ಇಡೀ ಪ್ರವಾಸದಲ್ಲಿ ಜನ ತಾವಾಗಿಯೇ ಕುತೂಹಲದಿಂದ ನೋಡಿದ್ದು ಇದೊಂದನ್ನೇ ಇರಬೇಕು. ಪಕ್ಕದಲ್ಲಿ ಒಬ್ಬ ಇಂಗ್ಲಿಷ್ ಅಜ್ಜ ನಿಂತಿದ್ದ. ಯಾವ ಊರು ಎಂದು ಕೇಳಿದ. ಮಂಗಳೂರು ಎಂದೆ, ಅವನಿಗೆ ಗೊತ್ತಿರಲಾರದು ಎಂಬ ಧೈರ್ಯದಲ್ಲಿ.

‘ಓ, ನಾನು ಬಂದಿದ್ದೇನೆ!’ ಎಂದ. ಹಡಗಿನಲ್ಲಿ ಪಣಂಬೂರಿಗೆ ಬಂದು ಒಂದು ದಿನ ಸುತ್ತಿದ್ದನಂತೆ. ಮೂಡಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಫ್ಯಾಕ್ಟರಿ, ಎಳನೀರು. ಫೋನ್ ತೆಗೆದು ತೋರಿಸಿದ. ಸೇಂಟ್ ಅಲೋಶಿಯಸ್ ಚಾಪೆಲ್‌ನ ಒಳಗೆ ಕತ್ತೆತ್ತಿ ನಿಂತಿದ್ದಾನೆ. ತಲೆಯ ಮೇಲೆ ಚಾವಣಿ ತುಂಬ ಚಿತ್ರ, ಎದೆಯ ಮೇಲೆ ನೀಲಿ ಸ್ಟಿಕರ್, ನಂಬರ್ 9.

‘ಇಷ್ಟನ್ನೂ ಬಿಡಿಸಿದ್ದು ಒಬ್ಬ ಇಟಲಿಯ ಜೆಸ್ವಿಟ್ ಸನ್ಯಾಸಿ, ಮೊಸ್ಕೇನಿ ಅಂತ, ಗೊತ್ತಲ್ಲ?’ ಎಂದ. ‘ನಮ್ಮ ಗೈಡಿಗೆ ಟೈಮ್ ಇರಲಿಲ್ಲ, ಇಪ್ಪತ್ತೇ ನಿಮಿಷ. ಆ ನಡುವಿನ ಚಿತ್ರಗಳಲ್ಲಿ ಇರುವುದು ಯಾರ ಕತೆ? ಆಗಿನಿಂದ ಕೇಳಬೇಕು ಅಂತ ಇದೆ. ನೀವು ಅಲ್ಲಿಯವರೇ ಸಿಕ್ಕಿದ್ದು ಒಳ್ಳೆಯದಾಯಿತು.’

ಲೈಟ್‌ಹೌಸ್ ಹಿಲ್ ಮೇಲೆ, ಆ ಚಾಪೆಲ್‌ನ ಗೇಟಿನ ಮುಂದೆ, ನಾನು ಹನ್ನೊಂದು ವರ್ಷ ದಿನಾ ಆಫೀಸಿಗೆ ಓಡಾಡಿದ್ದೇನೆ.

‘ಬಫೆ ಶುರುವಾಗಿರಬೇಕು’ ಎಂದೆ.