ಸರಿ ಉತ್ತರ, ಆಮೇಲೆ?

ಆಸ್ಟ್ರೇಲಿಯಾದ ರಾಜಧಾನಿ ಯಾವುದು ಅಂತ ನಾನು ಯಾರನ್ನಾದರೂ ಕೇಳಿದರೆ ಅದು ಪ್ರಶ್ನೆಯಲ್ಲ, ಗಾಳ. ಎದುರಿಗಿರುವವರು ‘ಸಿಡ್ನಿ’ ಅನ್ನಲಿ ಎಂದೇ ಕಾಯುತ್ತಿರುತ್ತೇನೆ. ಅಂದ ಕೂಡಲೇ ‘ಕ್ಯಾನ್‌ಬೆರಾ’ ಎಂದು ಮೆಲ್ಲಗೆ, ನೋವಾಗದ ಹಾಗೆ ತಿದ್ದುವುದರಲ್ಲಿ ಒಂದು ಸುಖವಿದೆ. ಆ ಸುಖಕ್ಕೆ ‘ಸಾಮಾನ್ಯ ಜ್ಞಾನ’ ಎಂಬ ಮರ್ಯಾದಸ್ಥ ಹೆಸರು ಬೇರೆ. ಸಾಮಾನ್ಯವಾಗಿ ಯಾರಿಗೂ ಗೊತ್ತಿಲ್ಲದ್ದನ್ನು ಹಾಗೇಕೆ ಕರೆಯುತ್ತಾರೋ!

ಇಂಥ ಗಾಳಗಳು ನನ್ನ ಬಳಿ ಬೇಕಾದಷ್ಟಿವೆ. ಪನಾಮಾ ಟೋಪಿ ಹುಟ್ಟಿದ್ದು ಪನಾಮಾದಲ್ಲಲ್ಲ, ಈಕ್ವೆಡಾರ್‌ನಲ್ಲಿ. ರಷ್ಯಾದ ಅಕ್ಟೋಬರ್ ಕ್ರಾಂತಿ ಇಂದಿನ ಕ್ಯಾಲೆಂಡರಿನ ಪ್ರಕಾರ ನಡೆದದ್ದು ನವೆಂಬರ್‌ನಲ್ಲಿ. ಭೂಮಿಯ ಕೇಂದ್ರದಿಂದ ಅಳೆದರೆ ಅತಿ ದೂರದ ಶಿಖರ ಎವರೆಸ್ಟ್ ಅಲ್ಲ, ಚಿಂಬೊರಾಜೊ. ಕ್ವಿಜ್ ಹುಚ್ಚಿನವರು ಹೀಗೇ, ಹೆಸರು ಒಂದು ಕಡೆ, ನಿಜ ಇನ್ನೊಂದು ಕಡೆ ಇರುವುದನ್ನೇ ಹುಡುಕಿ ಹುಡುಕಿ ಗಂಟು ಕಟ್ಟುತ್ತಾರೆ.

ಈ ಗಂಟಿಗೆ ಮೊದಲ ಸಲ ಕೈ ಹಾಕಿದವಳು ನನ್ನ ಅಕ್ಕನ ಮಗಳು. ಒಂಬತ್ತು ವರ್ಷ. ಮಾಮೂಲಿನಂತೆ ಗಾಳ ಎಸೆದೆ, ‘ಸಿಡ್ನಿ’ ಅಂದಳು, ತಿದ್ದಿದೆ. ಅಲ್ಲಿಗೆ ಆಟ ಮುಗಿಯಬೇಕಿತ್ತು.

“ಯಾಕೆ ಮಾವ? ಸಿಡ್ನಿಯನ್ನೇ ಮಾಡಬಹುದಿತ್ತಲ್ಲ?”

ಮೂವತ್ತು ವರ್ಷದಿಂದ ಈ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದವನಿಗೆ ಕಾರಣ ಮಾತ್ರ ಗೊತ್ತಿರಲಿಲ್ಲ. ಕ್ವಿಜ್‌ನಲ್ಲಿ ‘ಯಾಕೆ’ಗೆ ಅಂಕವಿಲ್ಲ ನೋಡಿ. ಕದ್ದುಮುಚ್ಚಿ ಓದಿಕೊಂಡು ಮರುದಿನ ಹೇಳಿದೆ: ಸಿಡ್ನಿ ನನಗೆ ಬೇಕು ಅಂತು, ಮೆಲ್ಬರ್ನ್ ನನಗೇ ಬೇಕು ಅಂತು, ಇಬ್ಬರೂ ಬಿಡಲಿಲ್ಲ. ಕೊನೆಗೆ ಸಂವಿಧಾನದಲ್ಲೇ ಬರೆದರು, ರಾಜಧಾನಿ ಸಿಡ್ನಿ ಇರುವ ರಾಜ್ಯದಲ್ಲೇ ಇರಲಿ, ಆದರೆ ಸಿಡ್ನಿಯಿಂದ ಕನಿಷ್ಠ 100 ಮೈಲಿ ದೂರದಲ್ಲಿರಲಿ. ಅಲ್ಲಿಯತನಕ ಸಂಸತ್ತು ಮೆಲ್ಬರ್ನ್‌ನಲ್ಲಿ ಕೂರಲಿ. ಹಾಗೆ ಕೂತ ಸಂಸತ್ತು ಕ್ಯಾನ್‌ಬೆರಾಕ್ಕೆ ಎದ್ದು ಬಂದದ್ದು 1927ರಲ್ಲಿ.

“ನಾನೂ ತಮ್ಮನೂ ಕಿಟಕಿ ಸೀಟಿಗೆ ಜಗಳ ಆಡಿದಾಗ ಅಮ್ಮ ಬಂದು ಕೂತ್ಕೋತಾಳಲ್ಲ, ಹಾಗೆ” ಅಂದಳು. ನನ್ನ ಮೂವತ್ತು ವರ್ಷದ ಉತ್ತರಕ್ಕೆ ಆವತ್ತು ಜೀವ ಬಂತು.

ಆಮೇಲೆ ನನಗೇ ಚಟ ಹತ್ತಿತು. ಮ್ಯಾರಥಾನ್ ದೂರ 42.195 ಕಿಲೋಮೀಟರ್ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆ 195 ಮೀಟರಿನ ಬಾಲ ಎಲ್ಲಿಂದ ಬಂತು? 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಟ ಶುರುವಾದದ್ದು ವಿಂಡ್ಸರ್ ಅರಮನೆಯಿಂದ, ಮುಗಿದದ್ದು ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಆಸನಗಳ ಮುಂದೆ. ಅಳೆದರೆ 26 ಮೈಲಿ, ಮೇಲೆ 385 ಗಜ. 1921ರಲ್ಲಿ ಅದೇ ಅಳತೆ ಕಾಯಂ ಆಯಿತು. ದೊಡ್ಡವರು ಎಲ್ಲಿ ಕೂತಿದ್ದರು ಎನ್ನುವುದಕ್ಕೆ ಇವತ್ತಿಗೂ ಜಗತ್ತಿನ ಓಟಗಾರರೆಲ್ಲ ಏದುಸಿರು ಬಿಡುತ್ತಿದ್ದಾರೆ.

ಆ ದಿನ ಮೊದಲು ಕ್ರೀಡಾಂಗಣ ಹೊಕ್ಕವನು ಇಟಲಿಯ ಡೊರಾಂಡೊ ಪಿಯೆತ್ರಿ. ದಾರಿ ತಪ್ಪಿ ಉಲ್ಟಾ ತಿರುಗಿದ, ಬಿದ್ದ, ಎದ್ದ, ಮತ್ತೆ ಮತ್ತೆ ಬಿದ್ದ. ನೋಡಲಾರದೆ ಅಧಿಕಾರಿಗಳು ಹಿಡಿದೆತ್ತಿ ಗೆರೆ ದಾಟಿಸಿದರು. ದಾಟಿಸಿದ್ದೇ ತಪ್ಪಾಯಿತು. ಅವನನ್ನು ಅನರ್ಹಗೊಳಿಸಿ ಚಿನ್ನವನ್ನು ಅಮೆರಿಕದ ಜಾನಿ ಹೇಯ್ಸ್‌ಗೆ ಕೊಟ್ಟರು. ಮರುದಿನ ರಾಣಿ ಅಲೆಕ್ಸಾಂಡ್ರಾ ಡೊರಾಂಡೊನನ್ನು ಕರೆದು ಒಂದು ಬಟ್ಟಲನ್ನು ಬಹುಮಾನ ಕೊಟ್ಟಳು. ಕ್ವಿಜ್‌ನಲ್ಲಿ ‘ಗೆದ್ದವರು ಯಾರು’ ಅಂದರೆ ಹೇಯ್ಸ್ ಎನ್ನಬೇಕು, ಸರಿ. ಆದರೆ ಬಾಯಿಗೆ ಬರುವುದು ಸೋತವನ ಹೆಸರೇ.

ಜಂಜಿಬಾರ್ ವಿಷಯಕ್ಕೆ ಮಾತ್ರ ಕೈ ಹಾಕಬಾರದಿತ್ತು. ಚರಿತ್ರೆಯ ಅತಿ ಚಿಕ್ಕ ಯುದ್ಧ, 1896ರ ಆಗಸ್ಟ್ 27, ಸುಮಾರು 38 ನಿಮಿಷ. ನಾನಿದನ್ನು ಸದಾ ನಗುತ್ತಲೇ ಹೇಳುತ್ತಿದ್ದೆ, ಕೇಳಿದವರೂ ನಗುತ್ತಿದ್ದರು. ಈ ಹುಡುಗಿ “ಯಾರಿಗೂ ಏನೂ ಆಗ್ಲಿಲ್ವಾ?” ಅಂದಳು. ಬ್ರಿಟಿಷರ ಹಡಗುಗಳು ಸುಲ್ತಾನನ ಅರಮನೆಯ ಮೇಲೆ ಗುಂಡಿನ ಮಳೆಗರೆದವು. ಸತ್ತವರು, ಗಾಯಗೊಂಡವರು ಸೇರಿ ಆ ಕಡೆ ಐನೂರರಷ್ಟು ಜನ. ಹೇಳಿದೆ. ಅವಳು ಸುಮ್ಮನಾದಳು. ಆಮೇಲೆ ಅದನ್ನು ನಾನು ಯಾರನ್ನೂ ಕೇಳಿಲ್ಲ.

ಬೇಕಾದರೆ ಕೊಲಂಬೊ ಕಥೆ ಹೇಳುತ್ತೇನೆ. ಶ್ರೀಲಂಕಾದ ಊರಲ್ಲ, ಅಮೆರಿಕದ ಟಿವಿ ಪತ್ತೇದಾರ. ಫ್ರೆಡ್ ವರ್ತ್ ಎಂಬ ಲೇಖಕ ತನ್ನ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಕೊಲಂಬೊನ ಮೊದಲ ಹೆಸರು ‘ಫಿಲಿಪ್’ ಎಂದು ಬೇಕೆಂದೇ ಸುಳ್ಳು ಬರೆದಿಟ್ಟ, ಯಾರಾದರೂ ಕದ್ದರೆ ಸಿಕ್ಕಿಬೀಳಲಿ ಅಂತ. ಟ್ರಿವಿಯಲ್ ಪರ್ಸ್ಯೂಟ್ ಎಂಬ ಹೆಸರಾಂತ ಆಟದ ಪ್ರಶ್ನೆಗಳಲ್ಲಿ ‘ಫಿಲಿಪ್’ ಅಚ್ಚಾಗಿ ಬಂದೇಬಿಟ್ಟ! ವರ್ತ್ 1984ರಲ್ಲಿ 30 ಕೋಟಿ ಡಾಲರ್ ಕೇಳಿ ಕೋರ್ಟಿಗೆ ಹೋದ. ಆಟದವರು ಅವನ ಪುಸ್ತಕ ನೋಡಿದ್ದು ಹೌದು ಅಂತ ಒಪ್ಪಿಕೊಂಡರೂ ಸೋತವನು ವರ್ತೇ. ನಿಜಸಂಗತಿಗೆ ಯಾರೂ ಯಜಮಾನರಿಲ್ಲವಂತೆ. ಸುಳ್ಳು ಬರೆದು ‘ಇದು ನನ್ನದು’ ಅನ್ನಬಹುದಾಗಿತ್ತು, ಆದರೆ ಅದನ್ನು ನಿಜ ಅಂತ ಮಾರಿದವನೂ ಅವನೇ ತಾನೇ?

ಉತ್ತರ ಗೊತ್ತಿದ್ದವನ ಠೀವಿ ಹೇಗಿರಬೇಕು ಅಂದರೆ ಜಾನ್ ಕಾರ್ಪೆಂಟರ್‌ನ ಹಾಗೆ. 1999ರ ನವೆಂಬರ್, ಅಮೆರಿಕದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಎಂಬ ಟಿವಿ ಕ್ವಿಜ್‌ನ ಕೊನೆಯ ಪ್ರಶ್ನೆ, ಉತ್ತರ ಅಮೆರಿಕದ ಒಬ್ಬ ಮಾಜಿ ಅಧ್ಯಕ್ಷನ ಹೆಸರು. ಅಲ್ಲಿಯವರೆಗೆ ಒಂದೂ ಲೈಫ್‌ಲೈನ್ ಬಳಸದವನು ಅಪ್ಪನಿಗೆ ಫೋನ್ ಮಾಡಿಸಿದ. “ನಿನ್ನ ಸಹಾಯವೇನೂ ಬೇಡಪ್ಪ, ನಾನು ಗೆಲ್ಲುತ್ತಿದ್ದೇನೆ ಅಂತ ಹೇಳೋಣ ಅಂತ ಮಾಡಿದೆ” ಎಂಬರ್ಥದಲ್ಲಿ ಹೇಳಿ, ನಿಕ್ಸನ್ ಎಂದು ಉತ್ತರಿಸಿ, ಹತ್ತು ಲಕ್ಷ ಡಾಲರ್ ಗೆದ್ದ.

ಇದನ್ನು ಕೇಳಿ ಅಕ್ಕನ ಮಗಳು “ನೀನು ಯಾರಿಗೆ ಫೋನ್ ಮಾಡ್ತೀಯಾ ಮಾವ?” ಅಂದಳು. “ನಿನಗೇ” ಅಂದೆ, ಪ್ರೀತಿಯಿಂದ. ಅಂದಮೇಲೆ ಯೋಚನೆ ಬಂತು. ಫೋನಿನಲ್ಲಿ ಸಿಗುವುದು ಮೂವತ್ತೇ ಸೆಕೆಂಡು. ಅಷ್ಟೂ ಹೊತ್ತು ಇವಳು ಆ ಕಡೆಯಿಂದ “ಯಾಕೆ ಮಾವ?” ಅಂತಲೇ ಕೇಳುತ್ತಿರುತ್ತಾಳೆ.