ಒಂದೇ ಮನೆ, ನಾಲ್ಕು ಒಲೆ

2021ರ ಜುಲೈ 11ರ ರಾತ್ರಿ ಇಂಗ್ಲೆಂಡ್ ಫುಟ್‌ಬಾಲ್ ತಂಡ ಯೂರೋ ಫೈನಲ್‌ನಲ್ಲಿ ಇಟಲಿಗೆ ಪೆನಾಲ್ಟಿಯಲ್ಲಿ ಸೋತಿತು. ನಾನು ಎಡಿನ್‌ಬರೋಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮರುದಿನ ಬೆಳಿಗ್ಗೆ ಕಸದ ಡಬ್ಬ ಹೊರಗಿಡುವಾಗ ಪಕ್ಕದ ಮನೆಯ ಯಜಮಾನರು ಸಿಕ್ಕರು. ಸಾವಿನ ಮನೆಗೆ ಹೋದವನ ಹಾಗೆ ಮುಖ ಸಪ್ಪೆ ಮಾಡಿಕೊಂಡು, "ಹೀಗಾಗಬಾರದಿತ್ತು, ಬೇಜಾರು ಮಾಡ್ಕೋಬೇಡಿ" ಅಂದೆ.

ಅವರು ಮಾತಾಡಲಿಲ್ಲ. ತಮ್ಮ ಕಿಟಕಿಯ ಕಡೆ ಕೈ ತೋರಿಸಿದರು. ಅಲ್ಲಿ ಇಟಲಿಯ ಬಾವುಟ ನೇತಾಡುತ್ತಿತ್ತು.

"ಓ, ನೀವು ಇಟಲಿಯವರಾ?" ಎರಡನೇ ತಪ್ಪು.

"ಸ್ಕಾಟ್‌ಲೆಂಡ್‌ನವನು. ಇಂಗ್ಲೆಂಡ್ ಯಾರ ಮೇಲೆ ಆಡುತ್ತೋ, ಅವತ್ತಿನ ಮಟ್ಟಿಗೆ ಅವರ ಊರಿನವನು."

ಬೇಲಿಗೆ ಒರಗಿಕೊಂಡೇ ಪಾಠ ಶುರುವಾಯಿತು. ಬ್ರಿಟನ್ ಅನ್ನೋ ದೇಶ ಒಂದೇ, ಫುಟ್‌ಬಾಲ್ ತಂಡ ನಾಲ್ಕು: ಇಂಗ್ಲೆಂಡ್, ಸ್ಕಾಟ್‌ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್. ಇಂಗ್ಲೆಂಡ್-ಸ್ಕಾಟ್‌ಲೆಂಡ್ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 1872ರಲ್ಲಿ, ಗ್ಲಾಸ್ಗೋದಲ್ಲಿ. ಒಂದು ಗೋಲೂ ಬೀಳಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ ಅನ್ನಿಸುತ್ತದೆ. ಒಲಿಂಪಿಕ್ಸ್ ಬಂದರೆ ಮಾತ್ರ ಎಲ್ಲರೂ ಬ್ರಿಟನ್ ಅಂತ ಒಟ್ಟಾಗುತ್ತಾರೆ. ರಗ್ಬಿಯಲ್ಲಿ ಐರ್ಲೆಂಡ್ ದ್ವೀಪಕ್ಕೆಲ್ಲ ಒಂದೇ ತಂಡ, ಫುಟ್‌ಬಾಲ್‌ಗೆ ಎರಡು. ಕ್ರಿಕೆಟ್‌ನಲ್ಲಿ ವೇಲ್ಸ್ ಹುಡುಗರು ಆಡುವುದು ಇಂಗ್ಲೆಂಡ್ ತಂಡಕ್ಕೆ. ಮಂಡಳಿಯ ಹೆಸರಲ್ಲಿ ವೇಲ್ಸ್ ಇದೆ, ತಂಡದ ಹೆಸರಲ್ಲಿಲ್ಲ. ಆಫೀಸಿನಲ್ಲಿ ಒಬ್ಬ ವೇಲ್ಸ್‌ನವನಿಗೆ "ನೀವು 2019ರ ವಿಶ್ವಕಪ್ ಗೆದ್ದಿರಲ್ಲ" ಅಂದು ನೋಡಿದ್ದೆ. ಹೌದು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ.

ಇನ್ನು ಇಂಗ್ಲೆಂಡ್-ಸ್ಕಾಟ್‌ಲೆಂಡ್ ರಗ್ಬಿಯಲ್ಲಿ ಕಿತ್ತಾಡುವುದು ಕಲ್ಕತ್ತಾ ಕಪ್‌ಗೆ. ಕಲ್ಕತ್ತಾದ ಒಂದು ಕ್ಲಬ್ ಮುಚ್ಚಿದಾಗ ಉಳಿದಿದ್ದ ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ್ದಂತೆ. ಹಿಡಿಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ಜಗಳ ಅವರದು, ಬೆಳ್ಳಿ ನಮ್ಮದು!

ನನ್ನ ಮಾನ ಉಳಿಸಿದ್ದು ದ್ರಾವಿಡ್. 2003ರಲ್ಲಿ ಸ್ಕಾಟ್‌ಲೆಂಡ್ ಪರ ಆಡಿ 600 ರನ್ ಹೊಡೆದಿದ್ದರು, ಅದೂ ಇಂಗ್ಲಿಷ್ ಕೌಂಟಿಗಳ ಲೀಗ್‌ನಲ್ಲಿ. "ನಮ್ಮ ಬೆಂಗಳೂರಿನವರು" ಅಂದೆ. ಯಜಮಾನರ ಮುಖ ಅರಳಿತು.

ಹಾಗಾಗಿ 2024ರ ಜೂನ್ 4ರಂದು ಟಿ20 ವಿಶ್ವಕಪ್ ನೋಡಲು ಮನೆಗೇ ಕರೆದರು. ಬಾರ್ಬಡೋಸ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಸ್ಕಾಟ್‌ಲೆಂಡ್, 10 ಓವರಿಗೆ ವಿಕೆಟ್ ಬೀಳದೆ 90. ಜೆರ್ಸಿಯ ಮೇಲೆ ಕನ್ನಡದಲ್ಲಿ 'ನಂದಿನಿ'.

"ಅದು ನಿಮ್ಮ ಲಿಪಿ ಅಲ್ವಾ? ಏನು, ಯುದ್ಧದ ಕೂಗಾ?"

"ಹಾಲು."

"ಹಾಲು?"

"ಮೊಸರು, ತುಪ್ಪ, ಪೇಡಾ ಕೂಡ."

ಅಷ್ಟರಲ್ಲಿ ಮಳೆ ಜೋರಾಯಿತು. ಇಂಗ್ಲೆಂಡ್ ಬ್ಯಾಟ್ ಹಿಡಿಯುವ ಮೊದಲೇ ಪಂದ್ಯ ರದ್ದು. ಉಕ್ಕಿ ಬರುತ್ತಿದ್ದ ಹಾಲು ಒಡೆದೇ ಹೋಯಿತು. ಯಜಮಾನರು ಅದಕ್ಕೆ ನಾನೇ ಹುಳಿ ಹಿಂಡಿದೆನೇನೋ ಅನ್ನುವ ಹಾಗೆ ನೋಡಿದರು.

ಸಮಾಧಾನ ಮಾಡೋಣ, ಐರ್ಲೆಂಡ್ ಜೆರ್ಸಿಯ ಮೇಲೂ ಇದೇ ನಂದಿನಿ ಇದೆ ಅಂತ ಹೇಳೋಣ ಅಂದುಕೊಂಡೆ. ಕಸದ ಡಬ್ಬದ ಬೆಳಿಗ್ಗೆ ನೆನಪಾಯಿತು. ಸುಮ್ನೆ ಟೀ ಕುಡಿದೆ.